ಹಿರೇಹಡಗಲಿ ಬಾವಿಯ ಎರಡಾಳು ನೀರು

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ. ಆ ಅಕ್ಷರದಿಂದಲೇ ಒಬ್ಬ ದೊಡ್ಡ ಮನುಷ್ಯರ ಪರಿಚಯವಾಯಿತು, ಆ ಅಕ್ಷರದಿಂದಲೇ ನಾನು ಹಾಳಾದೆ.

ಕೂಡ್ಲಿಗಿಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಅಪ್ಪನ ಕಾಲದಿಂದ ನಮಗೆ ಇದೇ ಕಸುಬು. ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುವುದು, ಬಾವಿಯಿಂದ ಬೋರಿನಿಂದ ಪಂಪು ಎತ್ತುವುದು, ಮತ್ತೆ ಇಳಿಸುವುದು. ಯಾರ ಮೋಟಾರು ಯಾವುದು ಎಂದು ಗೊತ್ತಾಗಲಿ ಅಂತ ಒಂದೊಂದಕ್ಕೂ ಚೀಟಿ ಬರೆದು ಕಟ್ಟುತ್ತಿದ್ದೆ: ಊರು, ಮಾಲೀಕರು, ಏನು ಕೆಟ್ಟಿದೆ, ಎಂದು ಬಂತು. ಒಂದು ದಿನ ಐವತ್ತೈದು ದಾಟಿದ ಹೆಂಗಸೊಬ್ಬರು ಹಾಲಿನ ಕ್ಯಾನಿನಷ್ಟು ಸಣ್ಣ ಪಂಪೊಂದನ್ನು ಹಿಡಿದುಕೊಂಡು ಅಂಗಡಿಗೆ ಬಂದರು. ಪಂಪು ನನ್ನ ಕೈಗೆ ಕೊಟ್ಟು, ಸಾಲಾಗಿ ಇಟ್ಟ ಮೋಟಾರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಚೀಟಿಗಳನ್ನು ಒಂದೊಂದಾಗಿ ಓದತೊಡಗಿದರು.

"ಯಾರು ಬರೆದದ್ದು ಇವನ್ನ?"

"ನಾನೇ ರೀ."

"ಎಷ್ಟು ಓದಿದ್ದೀರಿ?"

"ಹತ್ತನೇತ್ತ ಪಾಸ್ ಆಗೇನ್ರಿ. ಮುಂದ ಅಪ್ಪ ಅಂಗಡ್ಯಾಗ ಕುಂದ್ರಿಸಿದ."

"ಈ ಕಡೆ ಹಳೇ ಬಾವಿಗಳ ಮಾಲೀಕರು ನಿಮಗೆ ಗೊತ್ತಾ?"

"ಐದೂ ತಾಲ್ಲೂಕಿನವ್ರ ನಂಬರ್ ಅದಾವ್ರಿ ನನ್ನ ಫೋನಿನ್ಯಾಗ."

ಅಷ್ಟೇ. ಅವತ್ತೇ ನಾನು ಅವರ ಕೆಲಸಕ್ಕೆ ಸೇರಿದೆ. ಅವರು ಮೈಸೂರು ಕಡೆಯವರು, ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಕೊನೆಯವರೆಗೂ 'ಮೇಡಂ' ಎಂದೇ ಕರೆದೆ, ಅವರು ನನ್ನನ್ನು 'ಮಿಸ್ತ್ರಿ' ಎಂದರು.

ವಿಜ್ಞಾನಿ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಗಂಡಸರ ಪೂರ್ತಿ ತೋಳಿನ ಅಂಗಿ, ಮಂಡಿಗೆ ತೇಪೆ ಹಾಕಿದ ಪ್ಯಾಂಟು, ಹಣೆಗೆ ಕಟ್ಟಿದ ಟಾರ್ಚು, ಸೊಂಟಕ್ಕೆ ಹಗ್ಗ. ಎಲ್ಲಿ ಪಾಳುಬಾವಿ ಕಂಡರೂ ಇಳಿಯುವವರೇ. ಬಾವಿ ತೋಡುವವರ ಜೊತೆ ತಿಂಗಳುಗಟ್ಟಲೆ ಇದ್ದು ಹಗ್ಗದಲ್ಲಿ ಇಳಿಯುವುದು ಕಲಿತಿದ್ದರಂತೆ. ಮೂವತ್ತು ವರ್ಷದಲ್ಲಿ ಒಂದು ಸಲ ಭುಜದ ಮೂಳೆ ಮುರಿದಿತ್ತು, ಒಂದು ಸಲ ಕಲ್ಲಿನ ಸಂದಿಯ ನಾಗರಹಾವಿನ ಎದುರು ಅಲ್ಲಾಡದೆ ಅರ್ಧ ಗಂಟೆ ನೇತಾಡಿದ್ದರು. ಹಳ್ಳಿಗಳಲ್ಲಿ ಹೆಂಗಸರು ಸುತ್ತ ಕೂತು, "ಮಕ್ಕಳೆಷ್ಟವ್ವಾ?" ಎಂದು ಕೇಳಿದರೆ, "ಮದುವೇನೇ ಆಗಿಲ್ಲ ತಾಯಿ, ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು, ಇವರೂ ನಗುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ಒಂದು ಹುಳು. ನಮ್ಮ ಹಳೇ ಬಾವಿಗಳ ತಳದಲ್ಲಿ, ಬಂಡೆ ಸೀಳಿನಿಂದ ಒಸರುವ ನೀರಿನಲ್ಲಿ, ಅಕ್ಕಿ ನುಚ್ಚಿನಷ್ಟು ಸಣ್ಣ ಬಿಳಿ ಹುಳು ಇದೆ. ಸೀಗಡಿಯ ಜಾತಿಯದಂತೆ, ಕಣ್ಣಿಲ್ಲ. ಮೊದಲ ಸಲ ಅದನ್ನು ನನ್ನ ಅಂಗೈಯ ಮೇಲೆ ಬಿಟ್ಟು, "ಇದರ ಅಜ್ಜ ಮುತ್ತಜ್ಜ ಯಾರೂ ಬೆಳಕು ನೋಡಿಲ್ಲ ಮಿಸ್ತ್ರಿ" ಎಂದರು. "ಅಯ್ಯೋ, ಹುಟ್ಟಿದಾಗಿಂದ ಬಾವಿ ನೀರ ಕುಡದೀನಲ್ರಿ, ಎಷ್ಟು ನುಂಗೀನೋ ಏನೋ!" ಎಂದೆ. ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನ ಕೆಲಸ ಬಹಳ ಸರಳ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ತಾಲ್ಲೂಕಿಗೊಂದರಂತೆ ಐದು ಬಾವಿ ಆರಿಸಿದ್ದರು. ನಾನು ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಸುತ್ತಿ ಬರಬೇಕು. ಟೇಪಿನ ತುದಿಗೆ ಕಬ್ಬಿಣದ ಗುಂಡು ಕಟ್ಟಿ ತಳ ಮುಟ್ಟಿಸಿ ಎಳೆದರೆ, ಒದ್ದೆಯಾದಷ್ಟು ನೀರಿದೆ ಎಂದು ಲೆಕ್ಕ. ಅಡಿ, ಅಂಗುಲ ಪುಸ್ತಕದಲ್ಲಿ ಬರೆಯುವುದು, ವರ್ಷಕ್ಕೊಂದು ಪುಸ್ತಕ. ಮೇಡಂ ಮಳೆ ಮುಗಿದ ಮೇಲೆ ಬಂದು ಚಳಿಗಾಲದ ತನಕ ಇದ್ದು ಬಾವಿಗಿಳಿದು ಹುಳು ಎಣಿಸುತ್ತಿದ್ದರು. ಬೇಸಿಗೆಯಲ್ಲಿ ಅವರಿಗೆ ಬೇರೆ ಕಡೆ ಕೆಲಸ, ಆಗ ಬಾವಿಗಳ ಕಣ್ಣು ನಾನೊಬ್ಬನೇ. ನೀರಿನ ಏರಿಳಿತ ಗೊತ್ತಿಲ್ಲದೆ ಹುಳುವಿನ ಎಣಿಕೆಗೆ ಅರ್ಥವಿಲ್ಲ ಎಂದು ಮೊದಲ ದಿನವೇ ಬಿಡಿಸಿ ಹೇಳಿದ್ದರು. ನನಗೆ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ಮೊದಲ ಮೂರು ವರ್ಷ ಚಾಚೂ ತಪ್ಪದೆ ಹೋದೆ. ಕೊಟ್ಟೂರು ಕಡೆ ಉಜ್ಜಿನಿ ಹತ್ತಿರದ ಬಾವಿಯಲ್ಲಿ ಒಂದು ಸಲ ಮೇಡಂ ಕೆಳಗಿದ್ದಾಗ ಹೆಜ್ಜೇನು ಎದ್ದವು. ನಾನು ಹಗ್ಗವನ್ನು ಬೇವಿನ ಗಿಡಕ್ಕೆ ಗಂಟು ಹಾಕಿದವನೇ ಎದ್ದೆನೋ ಬಿದ್ದೆನೋ ಎಂದು ಜೋಳದ ಹೊಲದೊಳಗೆ ಓಡಿದೆ. ಜೇನು ಹೋದ ಮೇಲೆ ಬಂದು ಇಣುಕಿದರೆ, ಮೇಡಂ ಮೂಗಷ್ಟೇ ಮೇಲಿಟ್ಟು ನೀರಲ್ಲಿ ಕೂತಿದ್ದರು. ಮುಖ ಬಾತಿತ್ತು. ಕೇಳಿದ ಮೊದಲ ಮಾತು, "ಅಳತೆ ಆಯ್ತಾ?" ಓಡಿದ್ದಕ್ಕೂ ನನಗೆ ನಾಚಿಕೆ ಇದೆ, ಆದರೆ ಅದು ಸಣ್ಣ ನಾಚಿಕೆ. ಜೇನು ಎದ್ದರೆ ಯಾರಾದರೂ ಓಡುತ್ತಾರೆ.

ದೊಡ್ಡದು ನಾಲ್ಕನೆಯ ವರ್ಷ ಶುರುವಾಯಿತು. ರಂಜಾನ್ ತಿಂಗಳು ಬೇಸಿಗೆಯಲ್ಲಿ ಬಂದಿತ್ತು. ಉಗುಳು ನುಂಗಲೂ ಮನಸ್ಸು ಹಿಂಜರಿಯುವ ಉಪವಾಸ, ಮೇಲೆ ಕೆಂಡದಂಥ ಬಿಸಿಲು. ಐದು ತಾಲ್ಲೂಕು ಸುತ್ತಲು ಹೊರಟವನು ಬೈಕಿನ ಸೀಟು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಇದೊಂದು ಸಲ ಫೋನ್ ಮಾಡಿ ಕೇಳಿದರಾಯಿತು ಎಂದುಕೊಂಡೆ. ಉಪವಾಸ ಕೂತು ಸುಳ್ಳು ಬರೆದವನು ನಾನು. ಬೇರೆಯವರು ಹೀಗೆ ಮಾಡಿದ್ದರೆ ಎಷ್ಟು ಉಪದೇಶ ಹೇಳುತ್ತಿದ್ದೆ!

ಅಂಗಡಿಯ ನೆರಳಲ್ಲಿ ಕೂತು ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ನಮ್ಮ ಕಡೆ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಬಾವಿಯಲ್ಲಿ ಎಷ್ಟು ನೀರಿದೆ, ಇವೆರಡನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಕಣ್ಣು ಬೀಳುತ್ತದೆ ಎಂಬ ಭಯ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವರು, "ಎಲ್ಲೈತಪ್ಪಾ, ತಳ ಕಾಣತೈತಿ" ಎಂದರು. ಕೊಟ್ಟೂರಿನ ಕಡೆಯವರು, "ಏನೋ ಐತಿ ಬಿಡು, ಮಂದಿ ಮುಂದ ಹೇಳಾಂಗಿಲ್ಲ" ಎಂದರು. ಹರಪನಹಳ್ಳಿಯವರು ಮೊಣಕಾಲುದ್ದ ಎಂದರು, ಹಗರಿಬೊಮ್ಮನಹಳ್ಳಿಯವರು ಒಂದು ಆಳಿಗೆ ಕಮ್ಮಿ ಎಂದರು. ಹಡಗಲಿ ತಾಲ್ಲೂಕಿನ ಹಿರೇಹಡಗಲಿ ಬಾವಿಯ ಯಜಮಾನ ಮಾತ್ರ ಊರಿಗೆಲ್ಲ ಕೇಳಿಸುವ ಹಾಗೆ ಕೂಗಿದ.

"ಎರಡಾಳು ನೀರೈತಿ! ಬೇಕಾದ್ರ ಬಂದು ನೋಡು!"

ಆ ಯಜಮಾನನ ಮಗನಿಗೆ ಮೂವತ್ತು ದಾಟಿತ್ತು, ಹೆಣ್ಣು ಹುಡುಕುತ್ತಿದ್ದರು. ಹೆಣ್ಣಿನ ಕಡೆಯವರು ನಮ್ಮಲ್ಲಿ ಹುಡುಗನ ಮುಖಕ್ಕಿಂತ ಮೊದಲು ಬಾವಿ ನೋಡುತ್ತಾರೆ. ಮಗಳು ಕೊಡ ಹೊತ್ತುಕೊಂಡು ಎಷ್ಟು ದೂರ ನಡೆಯಬೇಕು ಎಂದು ತಿಳಿಯಬೇಕಲ್ಲ. ಬೀಗರು ಬರುವ ಹೊತ್ತಿಗೆ ಪೈಪಿನಿಂದ ದಬದಬ ನೀರು ಬೀಳುತ್ತಿರಬೇಕು ಎಂದು ಮೋಟಾರು ಸರಿಮಾಡಲು ನನ್ನನ್ನೇ ಕರೆಸಿದವರು ಎಷ್ಟೋ ಜನ. ಹೀಗಿರುವಾಗ, ಫೋನಿನಲ್ಲಿ ಯಾರು ನೀರು ಕೇಳಿದರೂ ಆ ಮನುಷ್ಯನಿಗೆ ಹೆಣ್ಣಿನ ಕಡೆಯವರೇ ಕೇಳಿದ ಹಾಗಾಗುತ್ತಿತ್ತು. ಇದೆಲ್ಲ ಬೇರೆಯವರಿಗೆ ಗೊತ್ತಾಗದಿರಬಹುದು. ಬಾವಿಗಳ ನಡುವೆಯೇ ತಲೆ ನರೆಸಿಕೊಂಡ ನನಗೆ ಗೊತ್ತಾಗಬೇಕಿತ್ತು. ಬಂದು ನೋಡು ಎಂದ, ನಾನು ಹೋಗಿ ನೋಡಲಿಲ್ಲ.

ಎರಡಾಳು ಎಂದರೆ ಹನ್ನೊಂದು ಅಡಿ. ಬರೀ ಹನ್ನೊಂದು ಎಂದು ಬರೆದರೆ ಸುಳ್ಳಿನ ಹಾಗೆ ಕಾಣುತ್ತದೆ ಎಂದು ಹನ್ನೊಂದು ಅಡಿ ಮೂರು ಅಂಗುಲ ಎಂದು ಬರೆದೆ. ಆ ಮೂರು ಅಂಗುಲ ನನ್ನ ಸ್ವಂತದ್ದು.

ಒಂದು ಸಲ ಎಂದುಕೊಂಡದ್ದು ಎರಡು ಸಲವಾಯಿತು. ಹಬ್ಬ ಮುಗಿದ ಮೇಲೆ ಹೋದೆ, ಆಮೇಲೆ ಮೋಟಾರು ಸುಡುವ ಕಾಲ ಬಂತು, ಅಂಗಡಿ ಬಿಡಲಾಗಲಿಲ್ಲ. ಮತ್ತೆ ಫೋನು. ಹೋದದ್ದೂ ಉಂಟು, ಹೋಗದಿದ್ದದ್ದೂ ಉಂಟು. ಕೊನೆಕೊನೆಗೆ ಫೋನೂ ಮಾಡದೆ ಹಿಂದಿನ ಪುಟ ನೋಡಿ ಒಂದಿಷ್ಟು ಹೆಚ್ಚು ಕಡಿಮೆ ಮಾಡಿ ಬರೆದೆ. ಹಿರೇಹಡಗಲಿಗೆ ಮಾತ್ರ ಹೆಚ್ಚು ಯೋಚಿಸುತ್ತಿರಲಿಲ್ಲ, ಅಲ್ಲಿ ಯಾವಾಗಲೂ ಎರಡಾಳು. ಆ ಮಗನಿಗೆ ಮದುವೆಯೂ ಆಯಿತು. ಬೀಗರ ಮುಂದೆ ಮಾತು ಕೆಡಬಾರದಲ್ಲ, ಮದುವೆಯ ಮೇಲೂ ಯಜಮಾನ ಎರಡಾಳನ್ನು ಇಳಿಸಲಿಲ್ಲ. ಊರಲ್ಲಿ ನನಗೆ 'ವಿಜ್ಞಾನಿ ಮಿಸ್ತ್ರಿ' ಎಂಬ ಹೆಸರು ಬಿದ್ದಿತ್ತು. ಮೇಡಂ ಬಂದಾಗ ಪುಸ್ತಕ ಕೊಡುತ್ತಿದ್ದೆ. ಪುಟ ತಿರುವಿ, "ಎಷ್ಟು ಚಂದ ಬರೀತೀಯಾ ಮಿಸ್ತ್ರಿ" ಎನ್ನುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಥೂ, ನನ್ನ ಬಾಳಿಗಿಷ್ಟು ಬೆಂಕಿ ಹಾಕ.

ಆರನೆಯ ವರ್ಷದ ಚಳಿಗಾಲದಲ್ಲಿ ಮೇಡಂ ಕೂಡ್ಲಿಗಿಯ ತಮ್ಮ ಬಾಡಿಗೆ ಮನೆಗೆ ನನ್ನನ್ನು ಬರಹೇಳಿದರು. ಗೋಡೆಯಷ್ಟು ದೊಡ್ಡ ಕಾಗದ ನೆಲಕ್ಕೆ ಹಾಸಿದ್ದರು. ನನ್ನ ಅಳತೆಗಳನ್ನೆಲ್ಲ ಗೆರೆ ಮಾಡಿ ಎಳೆದಿದ್ದರು. ಒಂದು ಬಾವಿಗೆ ಒಂದು ಬಣ್ಣ.

"ನೋಡು, ನಾಲ್ಕು ಬಾವಿ ಬೇಸಿಗೆ ಬಂದ ಕೂಡಲೇ ಕೆಳಗೆ ಇಳೀತವೆ. ಇದು, ಈ ಹಿರೇಹಡಗಲಿಯದು, ಇಳಿಯೋದೇ ಇಲ್ಲ. ಪಕ್ಕದ ಹೊಲದ ಬಾವಿ ಬತ್ತಿದರೂ ಇದು ಬತ್ತಲ್ಲ. ಯಾಕೆ?"

"ಗೊತ್ತಿಲ್ರಿ" ಎಂದೆ.

"ಒಳಗೆಲ್ಲೋ ದೊಡ್ಡ ಸೆಲೆ ಐತಿ." ಅಷ್ಟು ಹೊತ್ತಿಗೆ ನಮ್ಮ 'ಐತಿ' ಅವರ ಬಾಯಿಗೂ ಹತ್ತಿತ್ತು. "ಬೇಸಿಗೆಯಲ್ಲಿ ಹುಳುಗಳೆಲ್ಲ ಎಲ್ಲಿ ಹೋಗಿ ಬದುಕ್ತವೆ, ಮಳೆ ಬಂದ ಮೇಲೆ ಎಲ್ಲಿಂದ ಬರ್ತವೆ ಅಂತ ಮೂವತ್ತು ವರ್ಷದಿಂದ ಹುಡುಕ್ತಾ ಇದ್ದೀನಿ. ಇದು ಅವುಗಳ ತವರುಮನೆ ಮಿಸ್ತ್ರಿ. ಇದೊಂದು ಸಾಬೀತಾದರೆ ಸಾಕು, ನಾನು ಇಷ್ಟು ವರ್ಷ ಬಾವಿ ಇಳಿದದ್ದಕ್ಕೂ ಸಾರ್ಥಕ."

ಹೇಳಲು ಅದು ಒಳ್ಳೆಯ ಹೊತ್ತಾಗಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. 'ತಪ್ಪಾಗೇತ್ರಿ, ಆ ಅಳತಿ ನಾನು ನೋಡಿ ಬರದದ್ದಲ್ಲ' ಎಂದು ಹೇಳಲು ಎಷ್ಟು ಹೊತ್ತು ಬೇಕು? ಅವರು ಬೈಯುತ್ತಿದ್ದರು, ಎರಡು ದಿನ ಮಾತು ಬಿಡುತ್ತಿದ್ದರು, ಕಾಗದ ಸುತ್ತಿಟ್ಟು ಹೊಸದಾಗಿ ಶುರು ಮಾಡುತ್ತಿದ್ದರು. ಆಗಿನ್ನೂ ಅವರಿಗೆ ಆಯುಷ್ಯವಿತ್ತು. ನಾನು ಅವರ ಮುಖದ ಖುಷಿ ನೋಡುತ್ತಾ, "ಹೌದಲ್ರಿ, ಖರೇ ಇರ್ಬೇಕು" ಎಂದೆ.

ಮುಂದಿನ ವರ್ಷ ಅವರಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಔಷಧಿಗೆ ಕೂದಲು ಉದುರಿತ್ತು, ತಲೆಗೆ ವಸ್ತ್ರ ಕಟ್ಟಿಕೊಂಡೇ ಜನವರಿಯಲ್ಲಿ ಬಂದರು. ಬೇಡ ಎಂದವರ ಮಾತು ಕೇಳುವ ಪೈಕಿ ಅಲ್ಲ. ಜೊತೆಗೆ ಅವರ ಶಿಷ್ಯೆ ಇದ್ದಳು. ಹರಪನಹಳ್ಳಿಯ ಹುಡುಗಿ, ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು, ಬುದ್ಧನನ್ನು ನಂಬುವ ಮನೆಯವರು. ಮೇಡಂ ಹತ್ತಿರವೇ ಪಿಎಚ್‌ಡಿ ಮಾಡುತ್ತಿದ್ದಳು. ನನ್ನನ್ನು 'ಮಿಸ್ತ್ರಿ ಅಣ್ಣ' ಎನ್ನುತ್ತಿದ್ದಳು. ಮೂವರೂ ಹಿರೇಹಡಗಲಿಗೆ ಹೋದೆವು.

ಚಳಿಗಾಲದಲ್ಲಿ ಆ ಬಾವಿಯಲ್ಲಿ ನಿಜವಾಗಿಯೂ ಎರಡಾಳು ನೀರಿರುತ್ತದೆ. ತಿಳಿಯಾಗಿತ್ತು, ಕೈಯಿಟ್ಟರೆ ಬೆರಳು ಸೆಟೆಯುವಷ್ಟು ತಣ್ಣಗಿತ್ತು. ಹುಡುಗಿ ನೀರಿನ ಹತ್ತಿರದ ಮೆಟ್ಟಿಲ ಮೇಲೆ ದೀಪ ಹಿಡಿದು ಕೂತಳು. ನಾನು ಮೇಲೆ ಹಗ್ಗ ಹಿಡಿದೆ. ಮೇಡಂ ಈಜುವವರ ಕನ್ನಡಕ ಹಾಕಿ, ಉಸಿರು ಕಟ್ಟಿ ಮುಳುಗಿದರು. ಒಂದೊಂದು ಕಲ್ಲನ್ನೂ ಅಂಗೈಯಿಂದ ಸವರುವುದು, ಎಲ್ಲಿಂದಾದರೂ ನೀರು ನುಗ್ಗುತ್ತಿದೆಯೇ ನೋಡುವುದು, ಮೇಲೆದ್ದು ಉಸಿರೆಳೆದು ಮತ್ತೆ ಮುಳುಗುವುದು. ಅರವತ್ತು ದಾಟಿದ, ಕಾಯಿಲೆ ಬಿದ್ದ ಜೀವ.

ಯಜಮಾನನ ಸೊಸೆ ಚಹಾ ತಂದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಬಾವಿಯೊಳಗೆ ಇಣುಕಿ, "ಏನ್ ಹುಡುಕಾಕತ್ತಾರ್ರಿ ಅವರು?" ಎಂದಳು.

"ದೊಡ್ಡ ಸೆಲಿ ಐತಂತವಾ. ಬ್ಯಾಸಗ್ಯಾಗೂ ನೀರು ಇಳಿಯಂಗಿಲ್ಲಲ್ಲ, ಅದಕ್ಕ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಯಾರು ಹೇಳಿದ್ದು? ಯುಗಾದಿ ದಾಟಿದ್ರ ಇದರಾಗ ಒಂದು ಕೊಡ ನೀರು ಸಿಗಂಗಿಲ್ಲ. ಬೋರಿಂದ ಹೊತ್ತು ತರ್ತೀನಿ. ನಮ್ಮಪ್ಪಗೂ ಹಿಂಗ ಎರಡಾಳಂತ ಹೇಳಿ ಮದುವಿ ಮಾಡ್ಕೊಂಡ್ರು."

ಕಟ್ಟೆಯ ಆ ಬದಿಗೆ ನಿಂತಿದ್ದ ಯಜಮಾನ ಕೆಮ್ಮಿದ. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರೂ ಬೇರೆ ಕಡೆ ಮುಖ ತಿರುಗಿಸಿದೆವು. ಅವನಿಗಾದರೂ ಮಗನ ಮದುವೆಯ ನೆಪವಿತ್ತು. ನನಗೇನಿತ್ತು?

ಕೆಳಗೆ ಮೇಡಂ ಮೇಲೆದ್ದರು. ತುಟಿ ನೀಲಿಯಾಗಿತ್ತು, ಬೆರಳ ತುದಿ ಸುಲಿದಿತ್ತು.

"ಸಾಕ್ರಿ ಮೇಡಂ, ಮ್ಯಾಲ ಬರ್ರಿ" ಎಂದು ಕೂಗಿದೆ.

"ಇನ್ನೊಂದೇ ಸಲ, ಮಿಸ್ತ್ರಿ!"

ಅಲ್ಲೇನೂ ಇಲ್ಲ, ಎನ್ನುವ ಎರಡೇ ಮಾತು. ಆ ಎರಡು ಮಾತು ಹೇಳಿದ್ದರೆ ಆ ಕೊರೆಯುವ ನೀರಿನಿಂದ ಅವರು ಆಗಲೇ ಹೊರಗೆ ಬರುತ್ತಿದ್ದರು. ಅವರು ಮತ್ತೆ ನಾಲ್ಕು ಸಲ ಮುಳುಗಿದರು. ನಾನು ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಹಗ್ಗ ಹಿಡಿಯುವುದರಲ್ಲಿ ಮಾತ್ರ ನಾನು ಬಲು ನಂಬಿಗಸ್ತ. ಮೇಲೆ ಬಂದ ಮೇಲೆ ಕಂಬಳಿ ಹೊದ್ದು ಗಡಗಡ ನಡುಗುತ್ತಾ, "ಸಿಗಲಿಲ್ಲ. ಏಪ್ರಿಲ್‌ನಲ್ಲಿ ಬರ್ತೀನಿ. ಎಲ್ಲ ಬಾವಿ ಬತ್ತಿರುವಾಗ ಇದರ ಮುಂದೆ ಕೂತು ನನ್ನ ಕಣ್ಣಲ್ಲೇ ನೋಡ್ತೀನಿ" ಎಂದರು.

ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಏಪ್ರಿಲ್ ಬಂದರೆ ಬಣ್ಣ ಬಯಲು. ಫೆಬ್ರವರಿ ಕಳೆಯಿತು, ಮಾರ್ಚಿನಲ್ಲಿ ಹುಡುಗಿಯ ಫೋನ್ ಬಂತು. ಮೇಡಂಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ, ಈ ವರ್ಷ ಬರುವುದಿಲ್ಲ ಎಂದಳು.

ನಾನು ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಆ ಸುದ್ದಿ ಕೇಳಿದಾಗ ನನಗೆ ಮೊದಲು ಅನಿಸಿದ್ದು ದುಃಖವಲ್ಲ. ಬಚಾವಾದೆ, ಅನಿಸಿತು. ನನ್ನ ಮಗಳ ಕಾಲೇಜು ಅರ್ಜಿಯನ್ನು ಕೂತು ತುಂಬಿಸಿಕೊಟ್ಟವರು, ನಮ್ಮ ಮನೆಯ ಸುರಕುಂಬಾ ಪಾಯಸ ಎರಡು ಬಟ್ಟಲು ಕುಡಿದು ನನ್ನ ಹೆಂಡತಿಯ ಕೈ ಹಿಡಿದು ಹೊಗಳಿದವರು, ಅವರು ಸಾಯುವಷ್ಟು ಕಾಯಿಲೆ ಬಿದ್ದಿದ್ದಾರೆ ಎಂದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಒಂದು ಗಳಿಗೆಯಷ್ಟೇ ಇರಬಹುದು. ಆ ಗಳಿಗೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಏಪ್ರಿಲ್ ನಡುವೆ ಮೇಡಂ ತಾವೇ ಫೋನ್ ಮಾಡಿದರು. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

"ಮಿಸ್ತ್ರಿ, ನನಗೆ ಬರೋಕಾಗಲ್ಲ. ನೀನೇ ಹಿರೇಹಡಗಲಿಗೆ ಹೋಗಿ, ನೋಡಿ, ಬಾವಿ ಹತ್ತಿರ ನಿಂತೇ ನನಗೆ ಫೋನ್ ಮಾಡ್ತೀಯಾ?"

"ಮಾಡ್ತೀನ್ರಿ."

ಮರುದಿನ ಬೆಳಗ್ಗೆ ಹೋದೆ. ಈ ಸಲ ಖಂಡಿತ ಹೋದೆ. ಬಾವಿ ಖಾಲಿ. ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಮೆಟ್ಟಿಲಿಳಿದು, ಜನವರಿಯಲ್ಲಿ ಅವರು ಮುಳುಗಿ ಸವರಿದ ಕಲ್ಲುಗಳ ಮುಂದೆ ನಿಂತೆ. ಒಂದು ಕಲ್ಲಿಗೂ ತೇವವಿರಲಿಲ್ಲ. ಟೇಪು ತೆಗೆಯುವ ಕೆಲಸವೇ ಇರಲಿಲ್ಲ. ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಮೇಲೆ ಬಂದೆ. ಫೋನ್ ಹಚ್ಚಿದೆ.

"ಹೇಳು ಮಿಸ್ತ್ರಿ. ಎಷ್ಟು ಐತಿ?"

"ಹನ್ನೊಂದು ಅಡಿ ಐತ್ರಿ."

ಮಾತು ತಾನಾಗಿ ಬಂತು. ಇಷ್ಟು ವರ್ಷದ ರೂಢಿ.

"ಅಂಗುಲ?"

"ಎರಡು ಅಂಗುಲ ರೀ."

"ತಡಿ, ಬರ್ಕೊಳ್ತೀನಿ." ಪೆನ್ನು ಹುಡುಕುವ ಸದ್ದು, ಯಾರೋ ನರ್ಸು ಬೈಯುವ ಸದ್ದು ಕೇಳಿಸಿತು. "ಹನ್ನೊಂದು... ಎರಡು. ನಾನು ಹೇಳಿರಲಿಲ್ಲವಾ? ಬಿಸಿಲಲ್ಲಿ ನಿಲ್ಲಬೇಡ, ಮನೆಗೆ ಹೋಗು. ಬಹಳ ಉಪಕಾರ ಆಯ್ತಪ್ಪ."

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಬೇರೆ ಯಾರ ಮುಂದೆ ಹೇಳಲಿ? ಅವಳು, "ಸಾಯೋರಿಗೆ ಸಮಾಧಾನ ಆಗ್ಲಿ ಅಂತ ಹೇಳೀರಿ, ಹೋಗ್ಲಿ ಬಿಡ್ರಿ" ಎಂದಳು. ಅವಳು ಒಳ್ಳೆಯವಳು, ಹಾಗೆ ಹೇಳುತ್ತಾಳೆ. ಅವರ ಸಮಾಧಾನ ನನ್ನ ತಲೆಯಲ್ಲಿರಲೇ ಇಲ್ಲ. ನಾನು ಉಳಿಸಿಕೊಂಡದ್ದು ನನ್ನ ಮುಖವನ್ನು.

ಒಂಬತ್ತು ದಿನಕ್ಕೆ ಮೇಡಂ ತೀರಿಹೋದರು. ದೇಹವನ್ನು ಆಸ್ಪತ್ರೆಗೇ ಬರೆದುಕೊಟ್ಟಿದ್ದರು, ಓದುವ ಮಕ್ಕಳು ಕೊಯ್ದು ನೋಡಿ ಕಲಿಯಲಿ ಎಂದು. ಕೊನೆಯ ದರ್ಶನಕ್ಕೆ ಬನ್ನಿ ಎಂದು ಹುಡುಗಿ ಕರೆದಳು. ಅಂಗಡಿಯಲ್ಲಿ ತುರ್ತು ಕೆಲಸವಿದೆ ಎಂದೆ. ತುರ್ತೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಕೂಡ್ಲಿಗಿಯಲ್ಲಿ ಜನ ಅಂಗಡಿಗೇ ಬಂದು, ಮನೆಯವರು ಸತ್ತಾಗ ಮಾತಾಡಿಸುವ ಹಾಗೆ ನನ್ನನ್ನು ಮಾತಾಡಿಸಿದರು. "ನಿನ್ನ ಕೈಯಾಗ ಎಷ್ಟು ದೊಡ್ಡ ಕೆಲಸ ಮಾಡಿಸಿದ್ರಲೇ ಮಾರಾಯ, ಪುಣ್ಯವಂತ ನೀನು" ಎಂದ ಪಕ್ಕದ ವೆಲ್ಡಿಂಗಿನವನು. ನಾನು ತಲೆಯಾಡಿಸಿದೆ. ಚಹಾ ತರಿಸಿ ಕೊಟ್ಟೆ ಕೂಡ.

ಒಂದು ತಿಂಗಳಾದ ಮೇಲೆ ಹುಡುಗಿ ಅಂಗಡಿಗೆ ಬಂದಳು. ನನ್ನ ಬಳಿ ಉಳಿದಿದ್ದ ಕೊನೆಯ ಪುಸ್ತಕ ಬೇಕಿತ್ತು. ಮಿಕ್ಕವು ಅವಳ ಚೀಲದಲ್ಲೇ ಇದ್ದವು. ಮೇಡಂ ಬರೆದ ಪ್ರಬಂಧ ಅಚ್ಚಿಗೆ ಹೋಗುವುದಿದೆ, ಅದರಲ್ಲಿ ಮೊದಲು ಅವರ ಹೆಸರು, ಎರಡನೆಯದು ನಿಮ್ಮದು, ಮೂರನೆಯದು ನನ್ನದು ಎಂದಳು.

"ನನ್ನ ಹೆಸರ್ಯಾಕ?"

"ಅಳತೆ ಎಲ್ಲಾ ನಿಮ್ದಲ್ವಾ ಅಣ್ಣ. ಮೇಡಂ ಖಡಾಖಂಡಿತ ಹೇಳಿದ್ರು, ಮಿಸ್ತ್ರಿ ಹೆಸರು ನನ್ನ ಹೆಸರಿನ ಪಕ್ಕಾನೇ ಇರಬೇಕು ಅಂತ." ಚೀಲದಿಂದ ಮೇಡಂ ಅವರ ಸಣ್ಣ ಡೈರಿ ತೆಗೆದು ಒಂದು ಪುಟ ತೋರಿಸಿದಳು. "ಇದು ನೋಡ್ರಿ, ಆ ಜನವರಿಯಲ್ಲಿ ಬರೆದದ್ದು."

ಅವರ ಗೀಚು ಅಕ್ಷರ ನನಗೆ ಚೆನ್ನಾಗಿ ಗೊತ್ತು. 'ಏಳು ಸಲ ಮುಳುಗಿದೆ. ಸೆಲೆ ಕಾಣಲಿಲ್ಲ. ಮಿಸ್ತ್ರಿಯ ಪುಸ್ತಕ ತಪ್ಪಿರಲಾರದು. ನಾನೇ ಸರಿಯಾಗಿ ನೋಡಿಲ್ಲ. ಮೈಯಲ್ಲಿ ಶಕ್ತಿ ಸಾಲದು.'

ಅಂಗಡಿಯ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ. ಅಲ್ಲಿಂದಲೇ ಎಲ್ಲ ಹೇಳಿದೆ. ರಂಜಾನ್, ಫೋನು, ಎರಡಾಳು, ಅಂಗುಲ, ಸೊಸೆ ಹೇಳಿದ್ದು, ಒಣಗಿದ ಬಾವಿಯ ಮುಂದೆ ನಿಂತು ಆಡಿದ ಮಾತು. ಬಚಾವಾದೆ ಅನಿಸಿದ್ದನ್ನೂ ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಚಪ್ಪಲಿ ತೆಗೆದುಕೊಂಡಿದ್ದರೂ ನಾನು ಕೈ ಅಡ್ಡ ತರುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. ಆಮೇಲೆ ಏಳೂ ಪುಸ್ತಕಗಳನ್ನು ನನ್ನ ಕೆಲಸದ ಮೇಜಿನ ಮೇಲಿಟ್ಟು, ಕೆಂಪು ಪೆನ್ನು ಕೊಟ್ಟಳು.

"ನೋಡದೆ ಬರೆದದ್ದಕ್ಕೆಲ್ಲ ಗುರುತು ಹಾಕ್ರಿ. ಉಳಿದದ್ದನ್ನಾದ್ರೂ ಉಳಿಸ್ತೀನಿ.‌"

ಮೊದಲ ಮೂರು ಪುಸ್ತಕ ಪಕ್ಕಕ್ಕೆ ಸರಿಸಿದೆ. ಅವು ಖರೆ. ನಾಲ್ಕನೆಯದರಲ್ಲಿ ರಂಜಾನಿನ ಪುಟ ಸಿಕ್ಕಿತು, ಅಡ್ಡಗೆರೆ ಎಳೆದೆ. ಅದರ ಮುಂದಿನದು? ಆ ಸಲ ಕೊಟ್ಟೂರಿಗೆ ಹೋಗಿದ್ದೆನಾ? ಹೋಗಿದ್ದೆ, ಬೈಕಿನ ಗಾಲಿ ಪಂಕ್ಚರ್ ಆಗಿತ್ತು. ಅಥವಾ ಅದು ಮುಂದಿನ ವರ್ಷವೋ? ಪುಟ ತಿರುವಿದೆ. ಒಂದೇ ಥರದ ಅಕ್ಷರ, ಒಂದೇ ಥರದ ಗೆರೆ, ಎಲ್ಲದಕ್ಕೂ ಅಂಗುಲ. ಹೋಗಿ ಅಳೆದದ್ದೂ ಕೂತು ಹೊಸೆದದ್ದೂ ಪಕ್ಕಪಕ್ಕದಲ್ಲೇ ಇದ್ದವು, ಬರೆದ ನನಗೇ ಗುರುತು ಹತ್ತಲಿಲ್ಲ. ಐದನೆಯದು, ಆರನೆಯದು, ಏಳನೆಯದು, ಎಲ್ಲ ತಿರುವಿದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು.

"ಗೊತ್ತಾಗವಲ್ದವಾ" ಎಂದೆ.

"ಯಾವ್ದು ನಿಜ ಅಂತ ನಿಮಗೇ ಗೊತ್ತಿಲ್ವಾ?"

"ಇಲ್ಲ."

"ಹಂಗಾದ್ರೆ ನಾಲ್ಕೂ ವರ್ಷದ್ದು ಬಿಡಬೇಕಾಗುತ್ತೆ ಅಣ್ಣ. ಹಿರೇಹಡಗಲಿದು ಅಷ್ಟೇ ಅಲ್ಲ, ಐದೂ ಬಾವೀದು. ಮೇಡಂ ಎಣಿಸಿದ ಹುಳುಗಳ ಲೆಕ್ಕಾನೂ ಅದರ ಜೊತೆಗೇ ಹೋಗುತ್ತೆ. ಪ್ರಬಂಧ ಇಲ್ಲ."

"ಮೊದಲ ಮೂರು ವರ್ಷದ್ದು ಖರೇ ಐತವಾ, ಆಣೆ ಮಾಡ್ತೀನಿ."

ಅವಳು ಕೆಂಪು ಪೆನ್ನು ವಾಪಸು ತೆಗೆದುಕೊಂಡಳು. ಪ್ರಬಂಧ ವಾಪಸು ತೆಗೆದುಕೊಳ್ಳಲು ಕಾರಣ ತೋರಿಸಬೇಕು, ನಡೆದದ್ದನ್ನು ನಿಮ್ಮ ಕೈಯಿಂದಲೇ ಬರೆದುಕೊಡಿ ಎಂದು ಬಿಳಿ ಹಾಳೆ ಕೊಟ್ಟಳು. ಬರೆದೆ. ಯಾವ ವರ್ಷದಿಂದ, ಹೇಗೆ, ಎಷ್ಟು, ಎಲ್ಲ. ಕೆಳಗೆ ಸಹಿ ಹಾಕಿದೆ. ಅವಳು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನ ಓದಿದಳು, ಮತ್ತೊಮ್ಮೆ ಮೊದಲಿನಿಂದ ಓದಿದಳು. ಆಮೇಲೆ ಮಡಿಸದೆ, ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಚುಚ್ಚಬೇಕೆಂದು ಕೇಳಿದ ಮಾತಲ್ಲ ಅದು, ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ.

"ಮಿಸ್ತ್ರಿ ಅಣ್ಣ, ಇದಾದ್ರೂ ನಿಜಾನಾ?"